ವಿದನ್‌ಶಾದಿಂದ ವಿಟ್ಬಿಗೆ: ಬಾಡಿಗೆ ಕಾರಿನಲ್ಲಿ ಯಾರ್ಕ್‌ಶರ್ ಕರಾವಳಿ

ಮ್ಯಾಂಚೆಸ್ಟರಿನ ದಕ್ಷಿಣ ತುದಿಯ ವಿದನ್‌ಶಾದಲ್ಲಿ ಮನೆ ಮಾಡಿರುವ ಕನ್ನಡ ಕುಟುಂಬಗಳಿಗೆ ಬೇಸಿಗೆ ಬಂತೆಂದರೆ ಊರಿನಿಂದ ಅಪ್ಪ-ಅಮ್ಮ, ಅತ್ತೆ-ಮಾವ ಬರುವ ಕಾಲ. ವಿಮಾನ ನಿಲ್ದಾಣ ಮನೆಯ ಪಕ್ಕದಲ್ಲೇ ಇದೆ, ಕರೆತರುವುದು ಸುಲಭ. ಆಮೇಲೆ ಎಲ್ಲಿಗೆ ಕರೆದುಕೊಂಡು ಹೋಗುವುದು ಎಂಬುದೇ ಪ್ರಶ್ನೆ. ಲಂಡನ್ ಆಯಿತು, ಬ್ಲ್ಯಾಕ್‌ಪೂಲ್ ಆಯಿತು, ಲೇಕ್ ಡಿಸ್ಟ್ರಿಕ್ಟಿನಲ್ಲಿ ದೋಣಿ ಹತ್ತಿದ್ದೂ ಆಯಿತು. ಇನ್ನೂ ಎರಡು ಮೂರು ದಿನ ರಜೆ ಉಳಿದಿದ್ದರೆ ನಾನು ಹೇಳುವ ಊರು ವಿಟ್ಬಿ. ಇಂಗ್ಲೆಂಡಿನ ಪೂರ್ವ ಕರಾವಳಿಯಲ್ಲಿ, ಎಸ್ಕ್ ನದಿ ಉತ್ತರ ಸಮುದ್ರ ಸೇರುವ ಬಾಯಲ್ಲಿ ಕುಳಿತಿರುವ ಪುಟ್ಟ ಮೀನುಗಾರರ ಪಟ್ಟಣ. ವಿದನ್‌ಶಾದಿಂದ ಸುಮಾರು 120 ಮೈಲಿ, ಎಂದರೆ 190 ಕಿಲೋಮೀಟರ್. ದಾರಿ ಖಾಲಿಯಿದ್ದರೆ ಮೂರು ಗಂಟೆ.

ರೈಲಿನಲ್ಲೂ ಹೋಗಬಹುದು. ಆದರೆ ಮಿಡಲ್ಸ್‌ಬರೋದಲ್ಲಿ ಇಳಿದು ಎಸ್ಕ್ ಕಣಿವೆಯ ಸಣ್ಣ ರೈಲು ಹಿಡಿಯಬೇಕು. ಅದು ದಿನಕ್ಕೆ ಕೆಲವೇ ಸಲ ಓಡುತ್ತದೆ. ಮಂಡಿನೋವಿನ ಹಿರಿಯರು, ಕೈಗೂಸು, ಊಟದ ಡಬ್ಬಿಗಳ ಚೀಲ ಇಷ್ಟನ್ನೂ ಕಟ್ಟಿಕೊಂಡು ಪ್ಲಾಟ್‌ಫಾರ್ಮ್ ಬದಲಿಸುವುದು ಯಾರಿಗೂ ಸುಖವಲ್ಲ. ಇನ್ನೊಂದು ಕಾರಣ ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡದು. ವಿಟ್ಬಿಯ ಸೊಗಸಿನಲ್ಲಿ ಅರ್ಧದಷ್ಟು ಊರೊಳಗಿದ್ದರೆ ಉಳಿದರ್ಧ ಸುತ್ತಲಿನ ಬಂಡೆಗರೆಯ ಹಳ್ಳಿಗಳಲ್ಲಿ, ಹಿಂಬದಿಯ ಬೋಳು ಗುಡ್ಡಗಳಲ್ಲಿ ಹರಡಿದೆ. ಆ ಅರ್ಧವನ್ನು ನಿಮ್ಮ ಸಮಯಕ್ಕೆ ಸರಿಯಾಗಿ ನೋಡಲು ಕಾರು ಬೇಕು. ಪಟ್ಟಣದೊಳಗೆ ಮಾತ್ರ ಕಾರು ಬೇಡವೇ ಬೇಡ. ಸುತ್ತಲಿಗೆ ಚಕ್ರ, ಊರೊಳಗೆ ಕಾಲು: ಈ ಪ್ರವಾಸದ ಲೆಕ್ಕಾಚಾರವೆಲ್ಲ ಇದರ ಮೇಲೆ ನಿಂತಿದೆ.

ಈ ಕರಾವಳಿಗೆ ಸ್ಕ್ಯಾಂಡಿನೇವಿಯಾದ ನಂಟು ಹಳೆಯದು. 9ನೇ ಶತಮಾನದಲ್ಲಿ ಡೇನರ ಹಡಗುಗಳು ಇಲ್ಲಿಗೆ ಮೊದಲು ಕೊಳ್ಳೆ ಹೊಡೆಯಲು ಬಂದವು, ಆಮೇಲೆ ಬಂದವರು ಹೊಲ ಮಾಡಿಕೊಂಡು ನೆಲೆ ನಿಂತರು. ವಿಟ್ಬಿ, ಐಸ್ಲಬಿ, ಎಲರ್ಬಿ, ಅಗಲ್‌ಬಾರ್ನ್‌ಬಿ ಎಂದು ಸುತ್ತಮುತ್ತ ‘ಬಿ’ಯಲ್ಲಿ ಮುಗಿಯುವ ಊರಹೆಸರುಗಳೆಲ್ಲ ಅವರಿಟ್ಟವೇ. ಮಕ್ಕಳಿಗೆ ಈ ವೈಕಿಂಗರ ಕತೆಯಲ್ಲಿ ಆಸಕ್ತಿಯಿದ್ದರೆ ಹೋಗುವ ದಾರಿಯಲ್ಲಿ ಯಾರ್ಕ್ ಇದೆ. 866ರಲ್ಲಿ ಡೇನರು ಗೆದ್ದ ಆ ನಗರದ ಕಾಪರ್‌ಗೇಟ್ ಬೀದಿಯಲ್ಲಿ 1976ರಿಂದ 1981ರ ವರೆಗೆ ಉತ್ಖನನ ನಡೆದು ಅವರ ಮನೆ, ಚರ್ಮದ ಪಾದರಕ್ಷೆ, ಬಾಚಣಿಗೆಗಳು ಸಿಕ್ಕಿದವು. ಅದೇ ಜಾಗದಲ್ಲಿ 1984ರಲ್ಲಿ ತೆರೆದ ಯೋರ್ವಿಕ್ ವೈಕಿಂಗ್ ಕೇಂದ್ರ ಇಂದಿಗೂ ಜನರಿಂದ ತುಂಬಿರುತ್ತದೆ. ಯಾರ್ಕಿನಲ್ಲಿ ನಿಲ್ಲುವುದಾದರೆ ಊರ ಹೊರಗಿನ ಪಾರ್ಕ್ ಅಂಡ್ ರೈಡ್‌ನಲ್ಲಿ ಕಾರು ಬಿಟ್ಟು ಬಸ್ಸಿನಲ್ಲಿ ಒಳಗೆ ಹೋಗಿ.

ಕಾರು ಹಿಡಿಯುವ ಮುನ್ನ

ವಿದನ್‌ಶಾದವರಿಗೆ ಮ್ಯಾಂಚೆಸ್ಟರ್ ವಿಮಾನ ನಿಲ್ದಾಣದ ಬಾಡಿಗೆ ಕಾರು ಕೇಂದ್ರವೇ ಹತ್ತಿರ. 2014ರಿಂದ ಓಡುತ್ತಿರುವ ಮೆಟ್ರೋಲಿಂಕ್ ಟ್ರಾಮ್ ಹತ್ತಿದರೆ ನಿಲ್ದಾಣ ಮುಟ್ಟಬಹುದು, ಅಲ್ಲಿಂದ ಕೇಂದ್ರಕ್ಕೆ ಬಸ್ಸಿದೆ. ಆದರೂ ಊರೊಳಗಿನ ಶಾಖೆಗಳ ದರ ಒಮ್ಮೆ ನೋಡಿ. ಅದೇ ಕಂಪನಿಯ ಅದೇ ಕಾರು ನಿಲ್ದಾಣದ ಹೊರಗೆ ಅಗ್ಗಕ್ಕೆ ಸಿಗುವುದುಂಟು. ಊರೊಳಗಿನ ಶಾಖೆಗಳು ಭಾನುವಾರ ಮುಚ್ಚಿರುವುದುಂಟು ಎಂಬುದನ್ನು ಮಾತ್ರ ನೆನಪಿಡಿ.

ಲೈಸೆನ್ಸಿನ ವಿಷಯ ಹಲವರಲ್ಲಿ ಗೊಂದಲ ಹುಟ್ಟಿಸುತ್ತದೆ. ಪ್ರವಾಸಕ್ಕೆ ಬಂದವರು ಭಾರತದ ಲೈಸೆನ್ಸಿನಲ್ಲಿ 12 ತಿಂಗಳು ಇಲ್ಲಿ ಕಾರು ಓಡಿಸಬಹುದು. ಕೆಲಸಕ್ಕೆ ಬಂದು ನೆಲೆಸಿದವರಿಗೂ ನೆಲೆಸಿದ ದಿನದಿಂದ 12 ತಿಂಗಳ ಅವಕಾಶವಿದೆ. ಅದು ಮುಗಿದ ಮೇಲೆ ಇಲ್ಲಿನ ಥಿಯರಿ ಮತ್ತು ರಸ್ತೆ ಪರೀಕ್ಷೆ ಎರಡನ್ನೂ ಪಾಸು ಮಾಡಲೇಬೇಕು. ಕೆಲಸಕ್ಕೆ ಸೇರಿ ವರ್ಷ ದಾಟಿದ ಮೇಲೂ ಊರಿನ ಲೈಸೆನ್ಸ್ ನಡೆಯುತ್ತದೆ ಎಂದುಕೊಂಡರೆ ಅದು ಲೈಸೆನ್ಸಿಲ್ಲದೆ ಓಡಿಸಿದಂತೆಯೇ. ವಿಮೆಯೂ ಕೈ ಹಿಡಿಯುವುದಿಲ್ಲ. ಬ್ರಿಟನ್ನಿನ ಲೈಸೆನ್ಸ್ ಇರುವವರು ಬಾಡಿಗೆ ಕಂಪನಿಗೆ ಲೈಸೆನ್ಸಿನ ದಾಖಲೆ ತೋರಿಸಲು ಸರ್ಕಾರದ ಜಾಲತಾಣದಿಂದ ‘ಚೆಕ್ ಕೋಡ್’ ತೆಗೆದಿಟ್ಟುಕೊಳ್ಳಿ. ಅದರ ಆಯುಸ್ಸು 21 ದಿನ. ಲೈಸೆನ್ಸ್ ಸಿಕ್ಕಿ ಕನಿಷ್ಠ ಒಂದು ವರ್ಷವಾದರೂ ಆಗಿರಬೇಕು ಎಂದು ಬಹಳಷ್ಟು ಕಂಪನಿಗಳು ಕೇಳುತ್ತವೆ. 25 ತುಂಬದವರಿಗೆ ಹೆಚ್ಚಿನ ಶುಲ್ಕವಿರುತ್ತದೆ, ಕೆಲವು ಕಡೆ ಹಿರಿಯರಿಗೂ ವಯೋಮಿತಿ ಇದೆ. ಗಂಡ ಹೆಂಡತಿ ಇಬ್ಬರೂ ಓಡಿಸುವುದಾದರೆ ಎರಡನೆಯ ಹೆಸರನ್ನೂ ಒಪ್ಪಂದದಲ್ಲಿ ಬರೆಸಿ. ಹೆಸರಿಲ್ಲದವರು ಐದು ನಿಮಿಷ ಓಡಿಸಿದರೂ ವಿಮೆ ಇಲ್ಲ.

ಬುಕ್ ಮಾಡುವಾಗ ಗೇರ್ ನೋಡಿಕೊಳ್ಳಿ. ಆಟೊಮ್ಯಾಟಿಕ್ ಎಂದು ಆರಿಸದಿದ್ದರೆ ಮ್ಯಾನುವಲ್ ಬರುವ ಸಾಧ್ಯತೆಯೇ ಹೆಚ್ಚು. ಹಿರಿಯರು ಜೊತೆಗಿದ್ದರೆ ಸೀಟು ಸ್ವಲ್ಪ ಎತ್ತರವಿರುವ ಕಾರು ಮೇಲು. ತಗ್ಗಿನ ಸೀಟಿನಿಂದ ಏಳುವುದು ಮಂಡಿನೋವಿನವರಿಗೆ ದಿನವಿಡೀ ಕಷ್ಟ ಕೊಡುತ್ತದೆ. ಮಕ್ಕಳಿಗೆ 12 ವರ್ಷ ತುಂಬುವವರೆಗೆ ಅಥವಾ 135 ಸೆಂಟಿಮೀಟರ್ ಎತ್ತರವಾಗುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ, ಚೈಲ್ಡ್ ಸೀಟ್ ಕಡ್ಡಾಯ. ಮನೆಯಲ್ಲಿದ್ದರೆ ಒಯ್ಯಿರಿ. ಬಾಡಿಗೆಗೆ ಪಡೆದರೆ ಅದಕ್ಕೆ ದಿನದ ಲೆಕ್ಕದಲ್ಲಿ ಹಣ ತೆರಬೇಕು.

ಕೌಂಟರಿನಲ್ಲಿ ಅತಿ ಹೆಚ್ಚು ಹಣ ಕೈಬಿಡುವುದು ವಿಮೆಯ ಮಾತಿನಲ್ಲಿ. ಬಾಡಿಗೆಯೊಳಗೇ ಮೂಲ ವಿಮೆ ಇರುತ್ತದೆ, ಆದರೆ ಕಾರಿಗೆ ಪೆಟ್ಟಾದರೆ ಮೊದಲ ಇಷ್ಟು ಪೌಂಡ್ ನಿಮ್ಮದು ಎಂಬ ‘ಎಕ್ಸೆಸ್’ ದೊಡ್ಡ ಮೊತ್ತದ್ದಾಗಿರುತ್ತದೆ. ಅದನ್ನು ಸೊನ್ನೆಗಿಳಿಸುವ ಪಾಲಿಸಿಯನ್ನು ಕೌಂಟರಿನಲ್ಲಿ ಕೊಳ್ಳುವ ಬದಲು ಮೊದಲೇ ಬೇರೆ ವಿಮಾ ಕಂಪನಿಯಿಂದ ಕೊಂಡರೆ ಖರ್ಚು ತುಂಬ ಕಡಿಮೆ. ಟೈರು, ಗಾಜು, ಕಾರಿನ ತಳಭಾಗಕ್ಕೂ ಅದು ಅನ್ವಯಿಸುತ್ತದೆಯೇ ಎಂದು ಓದಿಕೊಳ್ಳಿ. ಗುಡ್ಡದ ದಾರಿಯಲ್ಲಿ ಪೆಟ್ಟು ಬೀಳುವುದು ಅವುಗಳಿಗೇ. ಠೇವಣಿಗೆ ಓಡಿಸುವವರ ಹೆಸರಿನ ಕ್ರೆಡಿಟ್ ಕಾರ್ಡ್ ಬೇಕಾಗುತ್ತದೆ. ಕಾರು ಕೈಗೆ ಬಂದ ಕೂಡಲೇ ಸುತ್ತಲೂ ನಿಧಾನವಾಗಿ ಒಂದು ವಿಡಿಯೊ ಮಾಡಿ. ಚಕ್ರದ ಅಂಚು, ಬಂಪರಿನ ಮೂಲೆ, ಪೆಟ್ರೋಲ್ ಮುಳ್ಳು, ಓಡಿದ ಮೈಲಿ ಎಲ್ಲ ಅದರಲ್ಲಿ ಕಾಣಬೇಕು.

ಎಡಗಡೆಯ ಓಡಾಟ, ಬೇರೆ ನಡವಳಿಕೆ

ನಮ್ಮಲ್ಲಿಯಂತೆ ಇಲ್ಲಿಯೂ ಎಡಗಡೆ ಓಡಿಸುವುದೇ, ಅದು ದೊಡ್ಡ ಸಮಾಧಾನ. ಆದರೆ ರಸ್ತೆಯ ನಡವಳಿಕೆ ಬೇರೆ. ವೃತ್ತಕ್ಕೆ ಬರುವಾಗ ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕು. ನಮ್ಮ ಕಡೆ ಹೆಡ್‌ಲೈಟ್ ಮಿಣುಕಿಸಿದರೆ ‘ನಾನು ಬರುತ್ತಿದ್ದೇನೆ, ನಿಲ್ಲು’ ಎಂದರ್ಥ. ಇಲ್ಲಿ ಹೆಚ್ಚಿನ ಸಲ ‘ನೀವು ಮೊದಲು ಹೋಗಿ’ ಎಂಬ ಸೌಜನ್ಯ. ಈ ಒಂದು ವ್ಯತ್ಯಾಸ ತಿಳಿಯದೆ ಅಪಘಾತವಾಗಬಹುದು. ಊರೊಳಗೆ ಸಾಮಾನ್ಯವಾಗಿ ಗಂಟೆಗೆ 30 ಮೈಲಿ, ಹಲವು ಬೀದಿಗಳಲ್ಲಿ 20, ಊರಾಚೆಯ ಸಾಧಾರಣ ರಸ್ತೆಯಲ್ಲಿ 60, ಮೋಟರ್‌ವೇಯಲ್ಲಿ 70. ಎಲ್ಲವೂ ಮೈಲಿಯ ಲೆಕ್ಕ. ಮೋಟರ್‌ವೇಯಲ್ಲಿ ಎಡದ ಲೇನೇ ಓಡುವ ಲೇನು, ಬಲದವು ಹಿಂದಿಕ್ಕಲು ಮಾತ್ರ. ತಲೆಯ ಮೇಲಿನ ಫಲಕದಲ್ಲಿ ಕೆಂಪು ಗುಣಾಕಾರ ಚಿಹ್ನೆ ಕಂಡರೆ ಆ ಲೇನು ಮುಚ್ಚಿದೆ, ಕೂಡಲೇ ಬಿಡಬೇಕು.

ಮೊಬೈಲ್ ಕೈಯಲ್ಲಿ ಹಿಡಿದರೆ 200 ಪೌಂಡ್ ದಂಡ ಮತ್ತು ಲೈಸೆನ್ಸಿನ ಮೇಲೆ 6 ಪಾಯಿಂಟ್. ಇಲ್ಲಿನ ಪರೀಕ್ಷೆ ಪಾಸು ಮಾಡಿ ಎರಡು ವರ್ಷ ತುಂಬದವರಿಗೆ 6 ಪಾಯಿಂಟ್ ಬಿದ್ದರೆ ಲೈಸೆನ್ಸೇ ರದ್ದು, ಮತ್ತೆ ಮೊದಲಿನಿಂದ ಪರೀಕ್ಷೆ. ಅಷ್ಟು ಕಷ್ಟಪಟ್ಟು ಪಡೆದದ್ದನ್ನು ಒಂದು ವಾಟ್ಸ್‌ಆ್ಯಪ್ ಸಂದೇಶಕ್ಕಾಗಿ ಕಳೆದುಕೊಳ್ಳಬೇಡಿ. ದಾರಿ ಹೇಳುವ ಕೆಲಸ ಪಕ್ಕದ ಸೀಟಿನವರಿಗೆ ಬಿಡಿ. ಬಾಡಿಗೆ ಕಾರಿನಲ್ಲಿ ವೇಗ ಮೀರಿ ಕ್ಯಾಮೆರಾಗೆ ಸಿಕ್ಕರೆ ದಂಡದ ಜೊತೆಗೆ ನಿಮ್ಮ ವಿವರ ಪೊಲೀಸರಿಗೆ ಕಳಿಸಿದ್ದಕ್ಕೆ ಕಂಪನಿಯೂ ಬೇರೆ ಶುಲ್ಕ ಹಾಕುತ್ತದೆ. ಪೆಟ್ರೋಲ್ ಬಂಕಿನಲ್ಲಿ ನೀವೇ ತುಂಬಿಸಿಕೊಳ್ಳಬೇಕು. ಹಸಿರು ಹಿಡಿ ಪೆಟ್ರೋಲ್, ಕಪ್ಪು ಹಿಡಿ ಡೀಸೆಲ್. ಕಾರು ಯಾವುದನ್ನು ಕುಡಿಯುತ್ತದೆ ಎಂದು ಹೊರಡುವ ಮುಂಚೆಯೇ ಮುಚ್ಚಳದ ಒಳಗೆ ನೋಡಿ.

ದಾರಿ

ವಿದನ್‌ಶಾದಿಂದ ಎಂ60 ವರ್ತುಲ ರಸ್ತೆ, ಅಲ್ಲಿಂದ ಪೂರ್ವಕ್ಕೆ ಎಂ62. ಲೀಡ್ಸ್ ಹತ್ತಿರ ಎಂ1, ಆಮೇಲೆ ಎ1(ಎಂ), ಎ64 ಹಿಡಿದು ಯಾರ್ಕ್ ಬಳಸಿ ಮಾಲ್ಟನ್, ಅಲ್ಲಿ ಎಡಕ್ಕೆ ತಿರುಗಿ ಎ169ರಲ್ಲಿ ಪಿಕರಿಂಗ್, ವಿಟ್ಬಿ.

ಎಂ62 ಪೆನೈನ್ ಬೆಟ್ಟಸಾಲನ್ನು ದಾಟುವ ಜಾಗದಲ್ಲಿ, 22ನೇ ಜಂಕ್ಷನ್ ಬಳಿ, ರಸ್ತೆ 372 ಮೀಟರ್ ಎತ್ತರದಲ್ಲಿದೆ. ಬ್ರಿಟನ್ನಿನ ಮೋಟರ್‌ವೇಗಳಲ್ಲೇ ಅತಿ ಎತ್ತರದ ಜಾಗ. ಗಾಳಿ, ಮಂಜು, ಮಳೆ ಮೂರೂ ಒಟ್ಟಿಗೆ ಬರುವ ಜಾಗವೂ ಹೌದು. ಅದನ್ನು ದಾಟಿ ಇಳಿಯುವಾಗ ಎರಡು ದಿಕ್ಕಿನ ರಸ್ತೆಗಳ ನಡುವೆ ಒಂದು ತೋಟದ ಮನೆ ಸಿಕ್ಕಿಹಾಕಿಕೊಂಡಂತೆ ಕಾಣುತ್ತದೆ. ಅದು ಸ್ಟಾಟ್ ಹಾಲ್ ಫಾರ್ಮ್. ರೈತ ಜಾಗ ಬಿಡಲಿಲ್ಲವಂತೆ, ಅದಕ್ಕೇ ರಸ್ತೆ ಸೀಳಿತಂತೆ ಎಂಬ ಕತೆ ಎಲ್ಲರ ಬಾಯಲ್ಲಿದೆ. ನಿಜವಾದ ಕಾರಣ ಇಳಿಜಾರು ಮತ್ತು ನೆಲದಡಿಯ ಬಿರುಕು. ಎರಡೂ ದಿಕ್ಕಿನ ರಸ್ತೆಯನ್ನು ಒಂದೇ ಮಟ್ಟದಲ್ಲಿ ಕಟ್ಟಲು ಆಗಲಿಲ್ಲ, ಮನೆ ನಡುವೆ ಉಳಿಯಿತು.

ಎ64ರಲ್ಲಿ ಯಾರ್ಕ್ ದಾಟಿದ ಮೇಲೆ ಕೆಲವು ಕಡೆ ರಸ್ತೆ ಒಂದೇ ಲೇನಿಗೆ ಇಳಿಯುತ್ತದೆ. ಬೇಸಿಗೆಯ ಶನಿವಾರ ಬೆಳಿಗ್ಗೆ ಸ್ಕಾರ್‌ಬರೋಗೆ ಹೊರಟ ಕಾರುಗಳೆಲ್ಲ ಅಲ್ಲೇ ಸಾಲುಗಟ್ಟುತ್ತವೆ. ಏಳು ಗಂಟೆಯೊಳಗೆ ಮನೆ ಬಿಟ್ಟರೆ ಆ ಸಾಲು ತಪ್ಪುತ್ತದೆ.

ಪಿಕರಿಂಗ್ ದಾಟಿದೊಡನೆ ಮರಗಳು ಮುಗಿದು ನಾರ್ತ್ ಯಾರ್ಕ್ ಮೂರ್ಸ್ ರಾಷ್ಟ್ರೀಯ ಉದ್ಯಾನದ ಬೋಳು ಗುಡ್ಡಗಳು ತೆರೆದುಕೊಳ್ಳುತ್ತವೆ. ಬೆಂಗಳೂರಿನ ಕಡೆಯಿಂದ ಬಂದು ಘಟ್ಟ ಇಳಿಯುವ ಮುನ್ನ ನಮ್ಮ ಮೈಯಲ್ಲಿ ಏಳುವ ಉತ್ಸಾಹವೇ ಇಲ್ಲಿಯೂ ಏಳುತ್ತದೆ, ಕಾಡು ಮಾತ್ರ ಇಲ್ಲ. ಎಡಗಡೆಗೆ ಹೋಲ್ ಆಫ್ ಹಾರ್ಕಮ್ ಎಂಬ ಬೃಹತ್ ಬಟ್ಟಲಿನಂಥ ತಗ್ಗು, ಸುಮಾರು 400 ಅಡಿ ಆಳ. ವೇಡ್ ಎಂಬ ರಾಕ್ಷಸ ಹೆಂಡತಿಯ ಮೇಲೆ ಎಸೆಯಲು ಒಂದು ಹಿಡಿ ಮಣ್ಣು ತೋಡಿದ್ದರಿಂದ ಆದದ್ದು ಎಂಬುದು ಇಲ್ಲಿನವರ ಕತೆ. ಬುಗ್ಗೆಗಳ ನೀರು ಸಾವಿರಾರು ವರ್ಷ ಗುಡ್ಡವನ್ನು ಬುಡದಿಂದ ಕೊರೆದದ್ದರಿಂದ ಆದದ್ದು ಎಂಬುದು ಭೂವಿಜ್ಞಾನಿಗಳ ವಿವರಣೆ. ರಸ್ತೆಯಾಚೆ ಕಾರು ನಿಲ್ಲಿಸುವ ಜಾಗವಿದೆ. ಅಂಚಿಗೆ ಕೆಲವೇ ಹೆಜ್ಜೆ, ಹಿರಿಯರೂ ನಡೆಯಬಹುದು. ಆಗಸ್ಟ್ ನಡುವಿನಿಂದ ಸೆಪ್ಟೆಂಬರ್ ಮೊದಲ ವಾರದವರೆಗೆ ಹೆದರ್ ಗಿಡಗಳು ಹೂ ಬಿಟ್ಟು ಕಣ್ಣು ಹಾಯುವಷ್ಟು ದೂರ ನೇರಳೆ ಬಣ್ಣ. ವರ್ಷದಲ್ಲಿ ಒಂದೇ ಸಲ ಹೋಗುವುದಾದರೆ ಆಗ ಹೋಗಿ ಎನ್ನುತ್ತೇನೆ.

ಈ ಗುಡ್ಡಗಳಲ್ಲಿ ಕುರಿಗಳಿಗೆ ಬೇಲಿಯಿಲ್ಲ. ರಸ್ತೆಯ ಈಚೆ ಮರಿ, ಆಚೆ ತಾಯಿ ನಿಂತಿದ್ದರೆ ಮರಿ ಅಡ್ಡ ಓಡಿಯೇ ಓಡುತ್ತದೆ, ವೇಗ ಇಳಿಸಿ. ವಿಟ್ಬಿಗೆ ಕೊನೆಯ ಇಳಿಜಾರು ಸ್ಲೈಟ್ಸ್ ಹಳ್ಳಿಯ ಮೇಲಿನ ಬ್ಲೂ ಬ್ಯಾಂಕ್. ಐದಕ್ಕೆ ಒಂದರ ಇಳಿಜಾರು, ಬ್ರೇಕ್ ಸೋತ ವಾಹನಗಳಿಗೆ ಪಕ್ಕದಲ್ಲಿ ಜಲ್ಲಿ ಹಾಸಿದ ಪಥವೂ ಇದೆ. ಎರಡನೇ ಗೇರಿನಲ್ಲಿ ಇಳಿಯಿರಿ, ಬ್ರೇಕ್ ಒತ್ತಿಯೇ ಹಿಡಿಯಬೇಡಿ.

ಊರೊಳಗೆ

ಊರ ಹೊರಗೆ, ಎ171ರ ಪಕ್ಕದಲ್ಲಿ, ಬೇಸಿಗೆಯ ತಿಂಗಳುಗಳಲ್ಲಿ ಪಾರ್ಕ್ ಅಂಡ್ ರೈಡ್ ನಡೆಯುತ್ತದೆ. ದಿನದ ಮಟ್ಟಿಗೆ ಬಂದವರು ಅಲ್ಲೇ ಕಾರು ಬಿಡಿ. ಬಂದರಿನ ಪಕ್ಕದ ಪಾರ್ಕಿಂಗಿಗಾಗಿ ಸುತ್ತು ಹಾಕುತ್ತ ಮಧ್ಯಾಹ್ನ ಕಳೆಯುವವರನ್ನು ಪ್ರತಿ ಬೇಸಿಗೆಯಲ್ಲೂ ನೋಡಬಹುದು. ಊರಿನ ನಡುವೆ ಎಸ್ಕ್ ನದಿಗೆ ತಿರುಗುವ ಸೇತುವೆಯಿದೆ. ದೋಣಿ ಬಂದಾಗ ಅದು ಪಕ್ಕಕ್ಕೆ ಸರಿಯುತ್ತದೆ, ಎರಡೂ ದಡದ ಜನ ನಿಂತು ನೋಡುತ್ತಾರೆ.

ಪೂರ್ವದ ಗುಡ್ಡದ ಮೇಲೆ ವಿಟ್ಬಿ ಆಬಿಯ ಅವಶೇಷ. 657ರಲ್ಲಿ ನಾರ್ಥಂಬ್ರಿಯಾದ ದೊರೆ ಓಸ್ವಿಯು ಇಲ್ಲಿ ಮಠ ಕಟ್ಟಿಸಿದ. ಸನ್ಯಾಸಿಗಳೂ ಸನ್ಯಾಸಿನಿಯರೂ ಇದ್ದ ಆ ಮಠದ ಮೊದಲ ಮುಖ್ಯಸ್ಥೆ ಹಿಲ್ಡ್ ಎಂಬ ಹೆಣ್ಣುಮಗಳು. ಈಸ್ಟರ್ ಹಬ್ಬವನ್ನು ಯಾವ ದಿನ ಆಚರಿಸಬೇಕೆಂಬ ಜಗಳವನ್ನು ಇತ್ಯರ್ಥ ಮಾಡಲು 664ರಲ್ಲಿ ಸಭೆ ಸೇರಿದ್ದು ಇಲ್ಲೇ. ಐರಿಷ್ ಸನ್ಯಾಸಿಗಳ ಲೆಕ್ಕ ಸೋತು ರೋಮಿನ ಲೆಕ್ಕ ಗೆದ್ದಿತು. ಇಂಗ್ಲಿಷಿನಲ್ಲಿ ಹೆಸರು ತಿಳಿದಿರುವ ಮೊದಲ ಕವಿ ಕ್ಯಾಡ್ಮನ್ ಇದೇ ಮಠದ ದನಗಾಹಿ. ಡೇನರ ದಾಳಿಯಲ್ಲಿ ಆ ಮಠ ಹಾಳಾಯಿತು. ನಾರ್ಮನ್ನರ ಕಾಲದಲ್ಲಿ ಮತ್ತೆ ಎದ್ದಿತು, 1539ರಲ್ಲಿ ಎಂಟನೇ ಹೆನ್ರಿಯ ಆಜ್ಞೆಯಿಂದ ಮುಚ್ಚಿತು. 1914ರ ಡಿಸೆಂಬರ್ 16ರಂದು ಜರ್ಮನ್ ಯುದ್ಧನೌಕೆಗಳ ಗುಂಡುಗಳೂ ಇದಕ್ಕೆ ತಗುಲಿದವು.

ಕೆಳಗಿನ ಚರ್ಚ್ ಸ್ಟ್ರೀಟಿನಿಂದ ಮೇಲೆ ಹೋಗಲು 199 ಮೆಟ್ಟಿಲುಗಳಿವೆ. ಹತ್ತಬಲ್ಲವರು ಹತ್ತಿ, ಪ್ರತಿ ತಿರುವಿನಲ್ಲೂ ಬಂದರಿನ ಕೆಂಪು ಹೆಂಚಿನ ಮಾಡುಗಳು ಬೇರೆಯಾಗಿ ಕಾಣುತ್ತವೆ. ಹಿರಿಯರನ್ನು ಮಾತ್ರ ಮೆಟ್ಟಿಲಿಗೆ ಒಡ್ಡಬೇಡಿ. ಗುಡ್ಡದ ಹಿಂಬದಿಯಿಂದ ಆಬಿಯ ಪಕ್ಕದವರೆಗೂ ರಸ್ತೆ ಇದೆ, ಮೇಲೆಯೇ ಪಾರ್ಕಿಂಗ್ ಇದೆ. ಒಬ್ಬರು ಅಪ್ಪ-ಅಮ್ಮನನ್ನು ಕಾರಿನಲ್ಲಿ ಮೇಲೆ ಕರೆತರುವುದು, ಉಳಿದವರು ಮಕ್ಕಳ ಜೊತೆ ಮೆಟ್ಟಿಲೇರುವುದು, ಎಲ್ಲರೂ ಮೇಲೆ ಸೇರುವುದು. ಇದು ಎಲ್ಲರಿಗೂ ಹೊಂದುವ ಏರ್ಪಾಡು. ಮೇಲೆ ಗಾಳಿ ಜೋರು. ಜೂನ್ ತಿಂಗಳಲ್ಲೂ ಅಮ್ಮನಿಗೆ ಸ್ವೆಟರ್, ಕಿವಿ ಮುಚ್ಚುವ ಸ್ಕಾರ್ಫ್ ಇರಲಿ.

ಈ ಊರಿನಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಹಿಡಿದು ನಿಲ್ಲಿಸುವುದು ಕಲ್ಲು. ಇಲ್ಲಿನ ಸಮುದ್ರದಂಡೆಯ ಬಂಡೆಗಳು ಜುರಾಸಿಕ್ ಕಾಲದವು. ಅವುಗಳಲ್ಲಿ ಸುರುಳಿ ಸುತ್ತಿದ ಅಮೋನೈಟ್ ಎಂಬ ಜಲಚರದ ಪಳೆಯುಳಿಕೆಗಳು ತುಂಬಿವೆ. ಊರಲ್ಲಿದ್ದ ಹಾವುಗಳನ್ನೆಲ್ಲ ಹಿಲ್ಡ್ ಶಪಿಸಿ ಕಲ್ಲಾಗಿಸಿದಳು, ಅವೇ ಈ ಸುರುಳಿಗಳು ಎಂದು ಜನ ನಂಬಿದ್ದರು. ಹಾವಿಗೆ ತಲೆ ಬೇಕಲ್ಲ ಎಂದು ಸುರುಳಿಯ ತುದಿಯಲ್ಲಿ ತಲೆ ಕೆತ್ತಿ ಮಾರುತ್ತಿದ್ದರು. ಊರಿನ ಲಾಂಛನದಲ್ಲೂ ಅಂಥ ಮೂರು ಸುರುಳಿಗಳಿವೆ. ವಿಜ್ಞಾನಿಗಳು ಒಂದು ಬಗೆಯ ಅಮೋನೈಟಿಗೆ ಹಿಲ್ಡೊಸೆರಸ್ ಎಂದು ಆಕೆಯ ಹೆಸರನ್ನೇ ಇಟ್ಟಿದ್ದಾರೆ. ನಮ್ಮ ಎಷ್ಟೋ ಮನೆಗಳ ದೇವರ ಪೆಟ್ಟಿಗೆಯಲ್ಲಿರುವ ಸಾಲಿಗ್ರಾಮವೂ ನೇಪಾಳದ ಗಂಡಕಿ ನದಿಯಲ್ಲಿ ಸಿಗುವ ಅಮೋನೈಟ್ ಪಳೆಯುಳಿಕೆಯೇ. ಅಲ್ಲಿ ಸುರುಳಿಯಲ್ಲಿ ವಿಷ್ಣುವಿನ ಚಕ್ರ ಕಂಡರು, ಇಲ್ಲಿ ಸಂತಳ ಶಾಪಕ್ಕೆ ಸಿಕ್ಕ ಹಾವು ಕಂಡರು. ಪ್ಯಾನೆಟ್ ಪಾರ್ಕಿನ ವಿಟ್ಬಿ ಮ್ಯೂಸಿಯಮ್ಮಿನಲ್ಲಿ ಇವುಗಳ ಒಳ್ಳೆಯ ಸಂಗ್ರಹವಿದೆ. ಮಳೆ ಬಂದರೆ ಅಲ್ಲಿಗೆ ಹೋಗಿ, ಅಜ್ಜ ಅಜ್ಜಿಯರೇ ಮೊಮ್ಮಕ್ಕಳಿಗೆ ವಿವರಿಸುವಂಥ ಜಾಗ ಅದು. ಇಲ್ಲಿನ ಕರಿಕಲ್ಲು ‘ಜೆಟ್’ ಕೂಡ ಜುರಾಸಿಕ್ ಕಾಲದ ಮರ ಕಲ್ಲಾದದ್ದು. ಗಂಡ ಸತ್ತ ಮೇಲೆ ವಿಕ್ಟೋರಿಯಾ ರಾಣಿ ಇದರ ಒಡವೆ ಧರಿಸಿದ್ದರಿಂದ ದೇಶವೆಲ್ಲ ಬೇಡಿಕೆ ಹುಟ್ಟಿತು. ಚರ್ಚ್ ಸ್ಟ್ರೀಟಿನ ಅಂಗಡಿಗಳಲ್ಲಿ ಈಗಲೂ ಕೊಳ್ಳಬಹುದು, ವಿಟ್ಬಿಯದೇ ಜೆಟ್ ಹೌದೇ ಎಂದು ಕೇಳಿ ಕೊಳ್ಳಿ.

ಕ್ಯಾಪ್ಟನ್ ಜೇಮ್ಸ್ ಕುಕ್ 1746ರಲ್ಲಿ ಇಲ್ಲಿಯ ಹಡಗಿನ ಯಜಮಾನ ಜಾನ್ ವಾಕರ್ ಬಳಿ ಕೆಲಸ ಕಲಿಯಲು ಸೇರಿದ. ಗ್ರೇಪ್ ಲೇನಿನ ವಾಕರ್ ಮನೆ ಈಗ ಮ್ಯೂಸಿಯಂ. ಅವನು ಲೋಕ ಸುತ್ತಿದ ನಾಲ್ಕೂ ಹಡಗುಗಳು ಈ ಊರಿನಲ್ಲೇ ಕಟ್ಟಿದವು. ಬ್ರ್ಯಾಮ್ ಸ್ಟೋಕರ್ 1890ರ ಬೇಸಿಗೆಯಲ್ಲಿ ಇಲ್ಲಿ ತಂಗಿದ್ದು, 1897ರ ‘ಡ್ರಾಕುಲಾ’ದಲ್ಲಿ ಈ ಮೆಟ್ಟಿಲು, ಗುಡ್ಡದ ಮೇಲಿನ ಸ್ಮಶಾನಗಳನ್ನು ತಂದ. ಆ ಗುಂಗಿನ ಅಂಗಡಿಗಳು ಊರ ತುಂಬ ಇವೆ. ನನಗೆ ಅವುಗಳಿಗಿಂತ ಲೈಫ್‌ಬೋಟ್ ಮ್ಯೂಸಿಯಂ ದೊಡ್ಡದು. 1861ರ ಫೆಬ್ರವರಿಯ ಬಿರುಗಾಳಿಯಲ್ಲಿ ಜೀವರಕ್ಷಕ ದೋಣಿ ಮಗುಚಿ 13 ಜನರಲ್ಲಿ 12 ಮಂದಿ ಸತ್ತರು. ಬದುಕಿದ ಹೆನ್ರಿ ಫ್ರೀಮನ್ ಒಬ್ಬನೇ ಹೊಸ ಬಗೆಯ ಬೆಂಡಿನ ಜಾಕೆಟ್ ತೊಟ್ಟಿದ್ದ. 1914ರ ಅಕ್ಟೋಬರಿನಲ್ಲಿ ಬ್ರಿಟಿಷ್ ಇಂಡಿಯಾ ಕಂಪನಿಯ ‘ರೋಹಿಲ್ಲಾ’ ಎಂಬ ಆಸ್ಪತ್ರೆ ಹಡಗು ಇಲ್ಲಿನ ಬಂಡೆಗೆ ಬಡಿದು 80ಕ್ಕೂ ಹೆಚ್ಚು ಜನ ದಡದಲ್ಲಿದ್ದವರ ಕಣ್ಣೆದುರೇ ಮುಳುಗಿದರು. ಹಡಗಿನಲ್ಲಿದ್ದ ದಾದಿಯರೆಲ್ಲ ಉಳಿದರು.

ಊಟ

ಸಸ್ಯಾಹಾರಿಗಳು ಈ ಭಾಗವನ್ನು ಗಮನವಿಟ್ಟು ಓದಬೇಕು. ಯಾರ್ಕ್‌ಶರಿನ ಬಹಳಷ್ಟು ಫಿಶ್ ಅಂಡ್ ಚಿಪ್ಸ್ ಅಂಗಡಿಗಳಲ್ಲಿ ಕರಿಯುವುದು ದನದ ಕೊಬ್ಬಿನಲ್ಲಿ, ‘ಬೀಫ್ ಡ್ರಿಪ್ಪಿಂಗ್’ ಎನ್ನುತ್ತಾರೆ. ಇದು ಗುಟ್ಟೇನಲ್ಲ, ಅವರ ಹೆಮ್ಮೆಯ ಸಂಪ್ರದಾಯ. ಆದರೆ ‘ಮೀನು ಬೇಡ, ಬರೀ ಆಲೂಗಡ್ಡೆ ಚಿಪ್ಸ್ ಸಾಕು’ ಎನ್ನುವ ನಮ್ಮ ಹಿರಿಯರಿಗೆ ಅದು ತಿಳಿದಿರುವುದಿಲ್ಲ. ಕೊಳ್ಳುವ ಮುಂಚೆ ಯಾವ ಎಣ್ಣೆಯಲ್ಲಿ ಕರಿಯುತ್ತೀರಿ ಎಂದು ಕೇಳಿ. ಯಾರೂ ಬೇಸರಿಸುವುದಿಲ್ಲ. ಸಸ್ಯದೆಣ್ಣೆ ಬಳಸುವ ಅಂಗಡಿಗಳೂ ಇವೆ. ಮನೆಯಿಂದ ಚಪಾತಿ ಪಲ್ಯ, ಪುಳಿಯೋಗರೆ, ಮೊಸರನ್ನ ಕಟ್ಟಿಕೊಂಡರೆ ಮೊದಲ ದಿನದ ಚಿಂತೆ ತೀರಿತು. ಉಳಿಯಲು ಅಡುಗೆಮನೆಯಿರುವ ಕಾಟೇಜ್ ಹಿಡಿದು ಅನ್ನ ಸಾರು ಮಾಡಿಕೊಳ್ಳುವುದು ಎರಡನೇ ದಿನಕ್ಕೆ ಒಳ್ಳೆಯ ದಾರಿ. ಸ್ಕಿನ್ನರ್ ಸ್ಟ್ರೀಟಿನಲ್ಲಿ 1865ರಿಂದ ನಡೆದುಬಂದಿರುವ ಬೋಥಮ್ಸ್ ಬೇಕರಿಯಲ್ಲಿ ಚಹಾ, ಶುಂಠಿ ಬಿಸ್ಕತ್ತು ಸಿಗುತ್ತವೆ.

ಮೀನು ತಿನ್ನುವ ಕರಾವಳಿಯವರಿಗೆ ಇದು ತವರು. ಹೆರಿಂಗ್ ಮೀನನ್ನು ಸೀಳಿ ಓಕ್ ಮರದ ಹೊಗೆಯಲ್ಲಿ ಒಣಗಿಸಿದ ಕಿಪ್ಪರ್ ಇಲ್ಲಿನ ವಿಶೇಷ. ಹೆನ್ರಿಯೆಟ್ಟಾ ಸ್ಟ್ರೀಟಿನ ಫಾರ್ಚೂನ್ಸ್ 1872ರಿಂದ ಅದನ್ನೇ ಮಾಡುತ್ತಿದೆ. ಹೆರಿಂಗ್ ನಮ್ಮ ಬೂತಾಯಿಯ ಕುಲದ್ದೇ. ಬೇಸಿಗೆಯಲ್ಲಿ ಬಂಗುಡೆಯ ದಾಯಾದಿಯಾದ ಮ್ಯಾಕರೆಲ್ ಬರುತ್ತದೆ. ಕಾಟೇಜಿನಲ್ಲಿ ಅಡುಗೆಯ ಅನುಕೂಲವಿದ್ದು ಮಸಾಲೆ ಪುಡಿ ಜೊತೆಗಿದ್ದರೆ ಮುಂದಿನದು ಹೇಳಬೇಕಿಲ್ಲ. ಕಿಪ್ಪರನ್ನು ಮಾತ್ರ ಬಾಡಿಗೆ ಕಾರಿನಲ್ಲಿ ಬಿಗಿಯಾದ ಡಬ್ಬಿಯಿಲ್ಲದೆ ತರಬೇಡಿ, ವಾಸನೆ ಹೋಗದಿದ್ದರೆ ಶುಚಿಗೊಳಿಸುವ ಶುಲ್ಕ ಬೀಳಬಹುದು. ಬಯಲಿನಲ್ಲಿ ತಿನ್ನುವಾಗ ತಲೆಯ ಮೇಲೆ ಕಣ್ಣಿರಲಿ. ಇಲ್ಲಿನ ಕಡಲಹಕ್ಕಿಗಳು ಮಕ್ಕಳ ಕೈಯಿಂದಲೇ ಕಿತ್ತುಕೊಂಡು ಹಾರುತ್ತವೆ.

ಸುತ್ತಲಿನ ಹಳ್ಳಿಗಳು

ಎರಡನೇ ದಿನವನ್ನು ಪೂರ್ತಿ ಇದಕ್ಕೆ ಕೊಡಿ. ಉತ್ತರಕ್ಕೆ ಹೊರಟರೆ ಮೂರು ಮೈಲಿಗೆ ಸ್ಯಾಂಡ್ಸೆಂಡ್, ಉದ್ದ ಮರಳ ದಂಡೆ, ಮಕ್ಕಳಿಗೆ ಸರಿ. ಅಲ್ಲಿಂದ ಕಡಿದಾದ ಏರು ಹತ್ತಿ ರನ್ಸ್‌ವಿಕ್ ಬೇ, ಆಮೇಲೆ ಸ್ಟೇಥ್ಸ್. ಎರಡು ಬಂಡೆಗಳ ಬಿರುಕಿನೊಳಗೆ ಮನೆಗಳನ್ನು ತುರುಕಿದಂತಿರುವ ಸ್ಟೇಥ್ಸ್‌ನಲ್ಲಿ ಕುಕ್ ಹುಡುಗನಾಗಿದ್ದಾಗ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ. ಸಮಯವಿದ್ದರೆ ಇನ್ನೂ ಮುಂದೆ ಸಾಲ್ಟ್‌ಬರ್ನ್. ಅಲ್ಲಿ 1884ರ ಲಿಫ್ಟ್ ಒಂದು ನೀರಿನ ಭಾರದಿಂದಲೇ ಬಂಡೆಯ ಮೇಲಿಂದ ದಂಡೆಗೆ ಇಳಿಸುತ್ತದೆ, ನಡೆಯಲಾರದವರಿಗೆ ವರದಾನ.

ದಕ್ಷಿಣಕ್ಕೆ ರಾಬಿನ್ ಹುಡ್ಸ್ ಬೇ. ಇಂಗ್ಲೆಂಡಿನ ಪಶ್ಚಿಮ ಕರೆಯ ಸೇಂಟ್ ಬೀಸ್‌ನಿಂದ ಕಾಲ್ನಡಿಗೆಯಲ್ಲಿ ದೇಶ ದಾಟುವವರು, ವೇನ್‌ರೈಟ್ ಎಂಬ ಲೇಖಕ ರೂಪಿಸಿದ ಆ ದಾರಿಯ ಕೊನೆಯಲ್ಲಿ ಬೂಟು ನೆನೆಸುವುದು ಇಲ್ಲಿನ ಸಮುದ್ರದಲ್ಲಿ. ಈ ಹಳ್ಳಿಗೂ ಸ್ಟೇಥ್ಸ್‌ಗೂ ಒಂದೇ ನಿಯಮ: ಕಾರು ಗುಡ್ಡದ ಮೇಲಿನ ಪಾರ್ಕಿಂಗಿನಲ್ಲಿ, ಕೆಳಗೆ ನಡೆದೇ ಇಳಿಯಬೇಕು. ಇಳಿಯುವುದು ಸುಲಭ, ಹತ್ತುವುದು ಕಷ್ಟ. ಹೃದಯದ ತೊಂದರೆ, ಮಂಡಿನೋವು ಇರುವವರು ಮೇಲೆಯೇ ಬೆಂಚಿನಲ್ಲಿ ಕುಳಿತು ಕೊಲ್ಲಿಯನ್ನು ನೋಡಲಿ, ನೋಟಕ್ಕೆ ಕೊರತೆಯಿಲ್ಲ. ಇನ್ನೂ ದಕ್ಷಿಣದ ರೇವನ್‌ಸ್ಕಾರಿನಲ್ಲಿ ಪಟಿಕ ತಯಾರಿಸುತ್ತಿದ್ದ ಕಾರ್ಖಾನೆಯ ಅವಶೇಷಗಳಿವೆ. ಬಟ್ಟೆಯ ಬಣ್ಣ ನಿಲ್ಲಿಸಲು ಬೇಕಾದ ಪಟಿಕವನ್ನು ಈ ಬಂಡೆಗಳಿಂದ ತೆಗೆಯುತ್ತಿದ್ದರು. ಅದಕ್ಕೆ ಬೇಕಾದ ಮನುಷ್ಯರ ಮೂತ್ರವನ್ನು ಪೀಪಾಯಿಗಳಲ್ಲಿ ತುಂಬಿ ದೂರದ ನಗರಗಳಿಂದ ಹಡಗಿನಲ್ಲಿ ತರಿಸುತ್ತಿದ್ದರು.

ಒಳನಾಡಿನಲ್ಲಿ ಗೋತ್‌ಲ್ಯಾಂಡ್. ಮೊದಲ ಹ್ಯಾರಿ ಪಾಟರ್ ಚಿತ್ರದ ಹಾಗ್ಸ್‌ಮೀಡ್ ನಿಲ್ದಾಣ ಇದೇ. ಪಿಕರಿಂಗಿನಿಂದ ಗ್ರೋಸ್‌ಮಂಟ್ ವರೆಗಿನ 18 ಮೈಲಿಯ ಉಗಿಬಂಡಿ ಈ ನಿಲ್ದಾಣದ ಮೇಲೆಯೇ ಓಡುತ್ತದೆ. ಜಾರ್ಜ್ ಸ್ಟೀವನ್‌ಸನ್ ರೂಪಿಸಿದ ಈ ದಾರಿ 1836ರಲ್ಲಿ ಶುರುವಾದಾಗ ಬಂಡಿ ಎಳೆಯುತ್ತಿದ್ದುದು ಕುದುರೆಗಳು.

ಸಮುದ್ರದ ವಿಷಯದಲ್ಲಿ ಎರಡು ಮಾತು. ಇಲ್ಲಿನ ಉಬ್ಬರ ಇಳಿತ ನಮ್ಮ ಕರಾವಳಿಗಿಂತ ಬಹಳ ದೊಡ್ಡದು. ಇಳಿತದಲ್ಲಿ ಬಂಡೆಯ ಬುಡದಲ್ಲಿ ಆರಾಮವಾಗಿ ನಡೆದುಹೋದವರು ಉಬ್ಬರ ಬಂದಾಗ ಹಿಂದಿರುಗಲು ದಾರಿಯಿಲ್ಲದೆ ಸಿಕ್ಕಿಬೀಳುತ್ತಾರೆ. ದಂಡೆಗಿಳಿಯುವ ಮುನ್ನ ಆ ದಿನದ ಉಬ್ಬರದ ವೇಳೆ ನೋಡಿ, ನೀರು ಇಳಿಯುತ್ತಿರುವಾಗ ಹೊರಟು ಏರತೊಡಗುವ ಮುಂಚೆ ವಾಪಸಾಗಿ. ಬಂಡೆಗಳು ಕುಸಿಯುತ್ತಲೇ ಇರುತ್ತವೆ, ಬುಡದಲ್ಲಿ ಕೂರಬೇಡಿ. ಪಳೆಯುಳಿಕೆಗಾಗಿ ಬಂಡೆ ಅಗೆಯಬೇಡಿ, ದಂಡೆಯಲ್ಲಿ ಬಿದ್ದವುಗಳಲ್ಲೇ ಹುಡುಕಿ. ಅಪಾಯವಾದರೆ 999ಕ್ಕೆ ಕರೆ ಮಾಡಿ ಕೋಸ್ಟ್‌ಗಾರ್ಡ್ ಎಂದು ಕೇಳಿ.

ವಸಂತ ಮತ್ತು ಬೇಸಿಗೆಯ ಆರಂಭದಲ್ಲಿ ಬೆಚ್ಚನೆಯ ಗಾಳಿ ತಣ್ಣನೆಯ ಉತ್ತರ ಸಮುದ್ರದ ಮೇಲೆ ಹಾದು ದಟ್ಟ ಮಂಜಾಗಿ ದಡಕ್ಕೆ ಬರುತ್ತದೆ, ‘ಫ್ರೆಟ್’ ಎನ್ನುತ್ತಾರೆ. ಊರು ಕಾಣದಷ್ಟು ಮಂಜಿದ್ದರೆ ನಿರಾಶರಾಗಬೇಡಿ. ಕಾರು ತೆಗೆದು ಹತ್ತು ಮೈಲಿ ಒಳನಾಡಿಗೆ ಹೋದರೆ ಬಿಸಿಲಿರುವ ಸಾಧ್ಯತೆ ಹೆಚ್ಚು. ವಿಟ್ಬಿಯ ಸಮುದ್ರ ಉತ್ತರಕ್ಕೆ ಮುಖ ಮಾಡಿರುವುದರಿಂದ ಜೂನ್ ಕೊನೆಯ ದಿನಗಳಲ್ಲಿ ಸೂರ್ಯ ಹುಟ್ಟುವುದೂ ಮುಳುಗುವುದೂ ನೀರಿನ ಮೇಲೆಯೇ. ಡಿಸೆಂಬರಿನಲ್ಲಿ ನಾಲ್ಕು ಗಂಟೆಗೆ ಮುಂಚೆಯೇ ಕತ್ತಲು, ಹಿಮ ಬಿದ್ದರೆ ಎ169 ಮುಚ್ಚುವುದೂ ಉಂಟು. ಚಳಿಗಾಲದಲ್ಲಿ ಹಿರಿಯರೊಡನೆ ಈ ಪ್ರವಾಸ ಬೇಡ.

ಇಲ್ಲಿ ಕಾರಿಗೆ ಕೈ ಪಳಗಿದ ಮೇಲೆ ಇದೇ ಸಮುದ್ರದಾಚೆಯ ನಾರ್ವೆಯನ್ನೂ ಹೀಗೆ ಸುತ್ತಬೇಕೆನಿಸಿದರೆ ಮೂರು ಸಂಗತಿ ತಿಳಿದಿರಲಿ. ಅಲ್ಲಿ ಬಲಗಡೆಯ ಓಡಾಟ. ಹಗಲಲ್ಲೂ ಹೆಡ್‌ಲೈಟ್ ಹೊತ್ತಿರಬೇಕು. ಮದ್ಯದ ಮಿತಿ 100 ಮಿಲಿಲೀಟರ್ ರಕ್ತಕ್ಕೆ 20 ಮಿಲಿಗ್ರಾಂ ಮಾತ್ರ. ಭಾರತದಲ್ಲಿ ಅದು 30, ಇಂಗ್ಲೆಂಡಿನಲ್ಲಿ 80. ಇಲ್ಲಿ ಇಷ್ಟು ಸಡಿಲವಿದೆಯೆಂದು ಕುಡಿದು ಓಡಿಸುವ ಮಾತು ಮಾತ್ರ ಬೇಡ. ಬ್ಲೂ ಬ್ಯಾಂಕಿನ ಇಳಿಜಾರಿಗೆ ಒಂದು ಲೋಟವೂ ಹೆಚ್ಚೇ.

ಹಿಂದಿರುಗುವ ದಿನ ಮಧ್ಯಾಹ್ನ ಎರಡರೊಳಗೆ ವಿಟ್ಬಿ ಬಿಡಿ. ಸಂಜೆಯ ಎಂ62 ಲೀಡ್ಸಿನಿಂದ ಮ್ಯಾಂಚೆಸ್ಟರಿನವರೆಗೆ ತೆವಳುತ್ತದೆ, ಕಾರು ಒಪ್ಪಿಸುವ ವೇಳೆ ಮೀರಿದರೆ ಇನ್ನೊಂದು ದಿನದ ಬಾಡಿಗೆ. ಪೆಟ್ರೋಲನ್ನು ಮೋಟರ್‌ವೇಯ ಸರ್ವಿಸ್‌ಗಳಲ್ಲಿ ತುಂಬಿಸಬೇಡಿ, ಅಲ್ಲಿ ದುಬಾರಿ. ವಿದನ್‌ಶಾ ತಲುಪಿದ ಮೇಲೆ ಸೂಪರ್ ಮಾರ್ಕೆಟಿನ ಬಂಕಿನಲ್ಲಿ ತುಂಬಿಸಿ ರಸೀದಿ ಇಟ್ಟುಕೊಳ್ಳಿ. ಮೊದಲು ಹಿರಿಯರನ್ನೂ ಸಾಮಾನನ್ನೂ ಮನೆಯಲ್ಲಿ ಇಳಿಸಿ, ಆಮೇಲೆ ಕಾರು ಒಪ್ಪಿಸಲು ಒಬ್ಬರೇ ಹೋಗಿ. ಸಿಬ್ಬಂದಿಯ ಎದುರು ಮತ್ತೊಂದು ವಿಡಿಯೊ ಮಾಡಿ, ‘ಹೊಸ ಪೆಟ್ಟೇನೂ ಇಲ್ಲ’ ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ. ಠೇವಣಿ ಖಾತೆಗೆ ಮರಳುವವರೆಗೆ ಆ ವಿಡಿಯೊಗಳನ್ನು ಅಳಿಸಬೇಡಿ.